ಮೊದಲು ಆರು ಎಣಿಸಿ, ಆಮೇಲೆ ಎಣ್ಣೆ ಡಬ್ಬಿ ಹುಡುಕಿ

ಕಳೆದ ಸಲ ಕಬ್ಬಿನ ಹೊಲಕ್ಕೆ ಹಂದಿ ಬಾರದಂತೆ ಕಾಯುವವರ ಜೋಡು ನಳಿಗೆ ಬಂದೂಕಿನ ಬಗ್ಗೆ ಬರೆದಿದ್ದೆ. ಅದನ್ನು ಓದಿದವರು ಈ ಸಲ ರಿವಾಲ್ವರ್ ಬಗ್ಗೆ ಕೇಳಿದ್ದಾರೆ. ಸೇನೆಯಲ್ಲಿ ಆಯುಧ ದುರಸ್ತಿ ಮಾಡುವ ಆರ್ಮರರ್ ಆಗಿದ್ದವನು ನಾನು. ನಿವೃತ್ತಿಯಾದ ಮೇಲೆ ಬೆಳಗಾವಿಯ ಅನಗೋಳದಲ್ಲಿ ಮನೆ ಕಟ್ಟಿಕೊಂಡು ಕೂತಿದ್ದೇನೆ. ಈಗ ಕೈಗೆ ಎಣ್ಣೆ ಹತ್ತುವುದು ಹೆಂಡತಿಯ ಹೊಲಿಗೆ ಯಂತ್ರ ಬಿಚ್ಚಿದಾಗ ಮಾತ್ರ. ಪತ್ರಗಳನ್ನು ತುಸು ಚಿಕ್ಕದು ಮಾಡಿ ಕೊಟ್ಟಿದ್ದೇನೆ.

ಪ್ರಶ್ನೆ: ಕಾಕಾ, ನಮ್ಮ ಅಪ್ಪ ಕೊಂಡಿದ್ದ .32 ಬೋರಿನ ವೆಬ್ಲಿ ಸ್ಕಾಟ್ ರಿವಾಲ್ವರ್ ಇದೆ. ಲೈಸೆನ್ಸ್ ಈಗ ನನ್ನ ಹೆಸರಿಗೆ ಆಗಿದೆ. ನಾಲ್ಕೈದು ವರ್ಷದಿಂದ ಯಾರೂ ಮುಟ್ಟಿಲ್ಲ. ಕಾಡತೂಸು ತುಂಬುವ ಆರು ತೂತಿನ ಉರುಳೆ ಇದೆಯಲ್ಲ, ಆ ಸಿಲಿಂಡರ್ ತಿರುಗುವಾಗ ಒಂದು ಕಡೆ ಬಿಗಿಯಾಗುತ್ತದೆ. ಮನೆಯಲ್ಲೇ ಬಿಚ್ಚಿ ತೊಳೆಯಬಹುದೇ? ಎಷ್ಟು ಬಿಚ್ಚಬೇಕು?
— ಬೈಲಹೊಂಗಲದ ಓದುಗರು

ಉತ್ತರ: ತೊಳೆಯಬಹುದು. ಬಿಚ್ಚುವುದು ಮಾತ್ರ ಕಡಿಮೆ ಇರಲಿ. ಎಷ್ಟು ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಮೊದಲು ಖಾಲಿ ಮಾಡುವ ಮಾತು.

ವೆಬ್ಲಿ ನಡುವೆ ಮಡಚಿ ತೆರೆಯುವ ರಿವಾಲ್ವರ್. ಕಾಡತೂಸಿಗೆ ಬಡಿಯುವ ಹ್ಯಾಮರ್ ಪಕ್ಕ ಎಡಗಡೆ ಒಂದು ಚಿಲಕ ಇದೆ. ನಳಿಗೆಯ ಬಾಯಿ ನೆಲದತ್ತ ಮಾಡಿ, ಬೆರಳು ಟ್ರಿಗರ್‌ನಿಂದ ದೂರ ಇಟ್ಟು, ಹೆಬ್ಬೆರಳಿನಿಂದ ಚಿಲಕ ಒತ್ತಿದರೆ ನಳಿಗೆ ಕೆಳಗೆ ಬಾಗುತ್ತದೆ. ಕೊಕ್ಕರೆ ನೀರು ಕುಡಿಯಲು ಕತ್ತು ಬಗ್ಗಿಸಿದ ಹಾಗೆ. ಆಗ ಸಿಲಿಂಡರಿನ ನಡುವಿನಿಂದ ನಕ್ಷತ್ರದಂಥ ಒಂದು ತುಂಡು ಮೇಲೆದ್ದು ಆರೂ ಕಾಡತೂಸನ್ನು ಒಟ್ಟಿಗೆ ಎತ್ತಿ ಚೆಲ್ಲುತ್ತದೆ. ನಾವು ಅದಕ್ಕೆ ಸ್ಟಾರ್ ಅನ್ನುತ್ತಿದ್ದೆವು. ನೋಡಲು ಚೆಂದ. ಮೋಸವೂ ಅಲ್ಲೇ.

ನಾನು ವರ್ಕ್‌ಶಾಪಿಗೆ ಸೇರಿದ ಹೊಸತು. ದುರಸ್ತಿಗೆ ಬಂದ ಒಂದು ವೆಬ್ಲಿಯನ್ನು ಠೀವಿಯಿಂದ ತೆರೆದೆ. ಟಣ್ ಟಣ್ ಅಂತ ಮೇಜಿನ ಮೇಲೆ ಬಿದ್ದವು. ಖಾಲಿಯಾಯಿತು ಅಂದುಕೊಂಡು ಮುಚ್ಚಲು ಹೋದರೆ ಮುಚ್ಚುತ್ತಿಲ್ಲ. ಸ್ಟಾರ್ ಪೂರಾ ಕೂತಿರಲಿಲ್ಲ. ಕೊಳೆ ಇರಬೇಕು ಅಂತ ಜೋರು ಮಾಡಲು ಹೊರಟೆ. ಪಕ್ಕದಲ್ಲಿದ್ದ ಉಸ್ತಾದ್ ನನ್ನ ಮಣಿಕಟ್ಟು ಹಿಡಿದರು. ಮಾತಾಡಲಿಲ್ಲ. ಇನ್ನೊಂದು ಕೈಯಿಂದ ಮೇಜಿನ ಮೇಲಿದ್ದವನ್ನು ಒಂದೊಂದಾಗಿ ಸರಿಸಿ ಎಣಿಸಿದರು. ಐದು! ಆರನೆಯದರ ಅಂಚು ಸ್ಟಾರಿನ ಕೆಳಗೆ ಜಾರಿ, ಕಾಡತೂಸು ತನ್ನ ತೂತಿನಲ್ಲೇ ಕೂತಿತ್ತು. ಸಜೀವ ಕಾಡತೂಸು. ಆಮೇಲೆ ಒಂದು ವಾರ ಯಾವ ರಿವಾಲ್ವರ್ ತೆರೆದರೂ ಇಡೀ ವರ್ಕ್‌ಶಾಪಿಗೆ ಕೇಳುವಂತೆ ಒಂದರಿಂದ ಆರರವರೆಗೆ ಕೂಗಿ ಎಣಿಸುವ ಶಿಕ್ಷೆ ಆಯಿತು ನನಗೆ. ಈಗಲೂ ಬಾಯಿ ತಾನೇ ಎಣಿಸುತ್ತದೆ.

ಹಾಗಾಗಿ ನೀವೂ ಎಣಿಸಿ. ಬಿದ್ದದ್ದನ್ನು ಎಣಿಸುವುದಕ್ಕಿಂತ ತೂತುಗಳನ್ನು ಎಣಿಸಿ. ಆರು ತೂತಿನಲ್ಲೂ ಬೆಳಕು ಆಚೆಗೆ ಕಾಣಬೇಕು. ಕಿರುಬೆರಳ ತುದಿ ಇಟ್ಟು ಮುಟ್ಟಿ ನೋಡಿ. ಆಮೇಲೆ ಕಾಡತೂಸುಗಳನ್ನು ಒಂದು ಡಬ್ಬಿಗೆ ಹಾಕಿ ಬೇರೆ ಕೋಣೆಯಲ್ಲಿ ಬೀಗ ಹಾಕಿಡಿ. ತೊಳೆಯುವ ಮೇಜಿನ ಮೇಲೆ ಒಂದೂ ಇರಬಾರದು. ನಡುವೆ ಫೋನ್ ಬಂದು ಎದ್ದು ಹೋದಿರಿ ಅನ್ನಿ, ಬಂದ ಮೇಲೆ ಮತ್ತೆ ಮೊದಲಿನಿಂದ ನೋಡಿ. ಸುಮ್ನೆ ಹೇಳುತ್ತಿಲ್ಲ.

ಕಿಟಕಿ ತೆರೆದಿರುವ ಕಡೆ ಕೂರಿ. ಹಳೆಯ ಪೇಪರ್ ಹಾಸಿ. ಚಹಾ ಲೋಟ, ಅಡಿಕೆ ಚೀಲ ದೂರ ಇರಲಿ. ನಳಿಗೆಯಿಂದ ಬರುವ ಕಪ್ಪು ಕೊಳೆಯಲ್ಲಿ ಸೀಸ ಇರುತ್ತದೆ. ಆ ಕೈಯಲ್ಲಿ ಅಡಿಕೆ ಹೋಳು ಬಾಯಿಗೆ ಹಾಕಿದರೆ ಸೀಸವೂ ಹೊಟ್ಟೆಗೆ ಹೋಯಿತು. ಕೆಲಸ ಮುಗಿದ ಮೇಲೆ ಪೇಪರನ್ನು ಮಡಚಿ ಎಸೆಯಿರಿ, ಸಾಬೂನು ಹಚ್ಚಿ ಕೈ ತೊಳೆಯಿರಿ. ಮಕ್ಕಳು ಶಾಲೆಗೆ ಹೋದ ಹೊತ್ತು ನೋಡಿಕೊಂಡರೆ ಒಳ್ಳೆಯದು.

ಸಾಮಾನು ಜಾಸ್ತಿ ಬೇಡ. .32ಕ್ಕೆ ಹೊಂದುವ ಕಂಚಿನ ಬ್ರಶ್ ಮತ್ತು ಕಡ್ಡಿ, ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲಿ ಸಿಗುತ್ತದೆ. ಹಳೆಯ ಹಲ್ಲುಜ್ಜುವ ಬ್ರಶ್. ಬಿದಿರಿನ ಕಡ್ಡಿ. ಹೊಲಿಗೆ ಯಂತ್ರದ ತೆಳು ಎಣ್ಣೆ. ನಳಿಗೆ ತೊಳೆಯುವ ದ್ರಾವಣ ಇದ್ದರೆ ಸರಿ, ಇಲ್ಲದಿದ್ದರೆ ಸ್ವಚ್ಛ ಸೀಮೆಎಣ್ಣೆ. ಪೆಟ್ರೋಲ್ ಮಾತ್ರ ಬೇಡ, ಅದರ ಆವಿಗೆ ಒಂದು ಕಿಡಿ ಸಾಕು. ಇನ್ನು ಚಿಂದಿ. ಸೇನೆಯಲ್ಲೂ ಅದಕ್ಕೆ ಚಿಂದಿ ಅಂತಲೇ ಹೆಸರು. ಹಳೆಯ ಬನಿಯನ್ನನ್ನು ಎರಡು ಬೆರಳಗಲ ಹರಿದರೆ ಅದಕ್ಕಿಂತ ಒಳ್ಳೆ ಚಿಂದಿ ಇಲ್ಲ. ಮರಳು ಕಾಗದ, ಪಾತ್ರೆ ತಿಕ್ಕುವ ಉಕ್ಕಿನ ಗುಂಜು, ಚಾಕುವಿನ ತುದಿ ಇವನ್ನು ಹತ್ತಿರ ತರಬೇಡಿ.

ನಿಮ್ಮ ರಿವಾಲ್ವರಿಗೆ ಒಂದು ಅನುಕೂಲ ಇದೆ. ಸಿಲಿಂಡರ್ ಪಕ್ಕಕ್ಕೆ ಹೊರಳುವ ರಿವಾಲ್ವರುಗಳಲ್ಲಿ ಕಡ್ಡಿಯನ್ನು ಬಾಯಿಯ ಕಡೆಯಿಂದಲೇ ತೂರಿಸಬೇಕು, ಬೇರೆ ದಾರಿ ಇಲ್ಲ. ಕಡ್ಡಿ ತಿಕ್ಕಿ ತಿಕ್ಕಿ ಬಾಯಿಯ ಅಂಚು ಸವೆಯುತ್ತದೆ. ಅಂಚು ಸವೆದರೆ ಗುರಿ ಕೆಟ್ಟಿತು. ವೆಬ್ಲಿಯನ್ನು ಬಗ್ಗಿಸಿದಾಗ ಸಿಲಿಂಡರೂ ನಳಿಗೆಯ ಜೊತೆಗೇ ಬರುತ್ತದೆ. ಆ ಸಿಲಿಂಡರ್ ತೆಗೆದರೆ ನಳಿಗೆಯ ಹಿಂದಿನ ತುದಿ ಪೂರಾ ತೆರೆದುಕೊಳ್ಳುತ್ತದೆ. ಅಲ್ಲಿಂದಲೇ ಬ್ರಶ್ ಹಾಕಿ.

ಸಿಲಿಂಡರ್ ತೆಗೆಯುವುದಕ್ಕೆ ಅನೇಕ ವೆಬ್ಲಿಗಳಲ್ಲಿ ಎಡಗಡೆ ಮುಂದೆ ಅಗಲ ಸೀಳಿನ ಒಂದು ಸ್ಕ್ರೂ ಇದೆ. ನಾಣ್ಯದಿಂದ ತಿರುಗಿಸಲಿ ಅಂತಲೇ ಸೀಳನ್ನು ಅಷ್ಟು ಅಗಲ ಮಾಡಿದ್ದಾರೆ. ಸಿಪಾಯಿಯ ಜೇಬಿನಲ್ಲಿ ಸ್ಕ್ರೂಡ್ರೈವರ್ ಇಲ್ಲದಿದ್ದರೂ ಒಂದು ನಾಣ್ಯ ಇದ್ದೇ ಇರುತ್ತದಲ್ವಾ? ಅದನ್ನು ಸಡಿಲಿಸಿ, ಪಕ್ಕದ ಪುಟ್ಟ ಲಿವರ್ ಸರಿಸಿದರೆ ಸಿಲಿಂಡರ್ ತನ್ನ ಕಂಬದಿಂದ ಮೇಲಕ್ಕೆ ಬರುತ್ತದೆ. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರೂ ಇದೇ ವೆಬ್ಲಿಯ ಮನೆತನದ್ದು, ಹೀಗೇ ಬಾಗಿ ತೆರೆಯುತ್ತದೆ. ಕೈಯಲ್ಲಿ ಹಗುರಾಗಿ ಬಾರದಿದ್ದರೆ ಅಲ್ಲಿಗೇ ಬಿಡಿ. ಸುತ್ತಿಗೆ ಹುಡುಕಬೇಡಿ.

ನಳಿಗೆಗೆ ದ್ರಾವಣ ಹಚ್ಚಿ ಹತ್ತು ನಿಮಿಷ ಬಿಡಿ. ಬ್ರಶ್ಶನ್ನು ಈ ತುದಿಯಿಂದ ಆ ತುದಿಗೆ ಪೂರಾ ದಾಟಿಸಿ, ಆಮೇಲೆ ಹಿಂದಕ್ಕೆ ಎಳೆಯಿರಿ. ನಡುವೆ ತಿರುಗಿಸಿದರೆ ಬ್ರಶ್ಶಿನ ಕೂದಲು ಮಡಚಿ ಸಿಕ್ಕಿಕೊಳ್ಳುತ್ತದೆ. ಮೊದಲ ಚಿಂದಿ ಇದ್ದಿಲಿನಂತೆ ಬರುತ್ತದೆ, ಎರಡನೆಯದು ಬೂದಿಯಂತೆ. ಬೆಳ್ಳಗೆ ಬರುವವರೆಗೂ ಹಾಕಿ. ಆರು ತೂತಿಗೂ ಇದೇ ಕೆಲಸ.

ಈಗ ನಿಮ್ಮ ಬಿಗಿತದ ಸಂಗತಿ. ನೂರಕ್ಕೆ ನೂರು ಅನ್ನಲಾರೆ, ಆದರೆ ನನ್ನ ಕೈಗೆ ಬಂದ ಇಂಥವುಗಳಲ್ಲಿ ಹೆಚ್ಚಿನವು ಸ್ಟಾರಿನ ಕೆಳಗಿನ ಕೊಳೆಯಿಂದಲೇ ಬಿಗಿಯಾಗಿದ್ದವು. ಸ್ಟಾರನ್ನು ಎತ್ತಿ ಹಿಡಿದು ಅದರ ಅಡಿಗೆ ಬೆಳಕು ಬಿಡಿ. ಸಾಸಿವೆಗಿಂತ ಸಣ್ಣ ಕಪ್ಪು ಹರಳು ಕಾಣಬಹುದು, ಸುಡದೆ ಉಳಿದ ಮದ್ದಿನ ಚೂರು. ಅದೊಂದು ಅಡಿಗೆ ಕೂತರೆ ಸ್ಟಾರ್ ಒಂದು ಕೂದಲೆಳೆಯಷ್ಟು ಮೇಲೆ ನಿಲ್ಲುತ್ತದೆ. ಅಷ್ಟಕ್ಕೇ ಸಿಲಿಂಡರ್ ಸುತ್ತುವಾಗ ಆ ಜಾಗದಲ್ಲಿ ಹಿಂದಿನ ಗೋಡೆಗೆ ತಿಕ್ಕುತ್ತದೆ. ನೀವು ಹೇಳಿದ 'ಒಂದು ಕಡೆ' ಅದೇ ಇರಬೇಕು. ಒಣ ಬ್ರಶ್ಶಿನಿಂದ ಉಜ್ಜಿ, ಬಿದಿರು ಕಡ್ಡಿಗೆ ಚಿಂದಿ ಸುತ್ತಿ ಒರೆಸಿ. ಅಲ್ಲಿಗೆ ಎಣ್ಣೆ ಸುರಿಯಬೇಡಿ. ಎಣ್ಣೆ ಇದ್ದಲ್ಲಿ ಮುಂದಿನ ಹರಳು ಅಂಟಿಕೊಳ್ಳುತ್ತದೆ.

ನಳಿಗೆಯ ಹಿಂದಿನ ತುದಿಯ ಸುತ್ತ ಬೂದುಬಣ್ಣದ ಹಕ್ಕಳೆ ಕಂಡರೆ ಅದು ಸೀಸ. ದ್ರಾವಣ ಮತ್ತು ಕಂಚಿನ ಬ್ರಶ್ ಸಾಕು, ತಾಳ್ಮೆ ಬೇಕು. ಹಿಡಿಕೆಯ ಎರಡು ಹಲಗೆಗಳನ್ನೂ ಒಂದು ಸ್ಕ್ರೂ ತೆಗೆದು ಬಿಚ್ಚಬಹುದು. ಬೆವರು ಇಳಿದು ಅವುಗಳ ಒಳಗೆ ತುಕ್ಕು ಕೂತಿರುತ್ತದೆ, ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಆದರೆ ಸ್ಕ್ರೂಡ್ರೈವರಿನ ತುದಿ ಸೀಳಿನ ಅಗಲಕ್ಕೂ ದಪ್ಪಕ್ಕೂ ಸರಿ ಕೂರಬೇಕು. ಮನೆಯ ಸ್ಕ್ರೂಡ್ರೈವರಿನ ತುದಿ ಉಳಿಯಂತೆ ಇಳಿಜಾರು. ಜಾರಿ ಸೀಳನ್ನು ಹರಿಯುತ್ತದೆ. ಈ ರಿವಾಲ್ವರುಗಳಿಗೆ ಬಿಡಿಭಾಗ ಸಿಗುವುದು ಕಷ್ಟ. ಒಂದು ಸ್ಕ್ರೂ ಕೆಟ್ಟರೆ ಕೆಟ್ಟಂತೆಯೇ.

ಹಲಗೆ ತೆಗೆದಾಗ ಒಳಗೆ ಮಡಚಿದ ಪಟ್ಟಿಯಂಥ ಸ್ಪ್ರಿಂಗ್ ಕಾಣುತ್ತದೆ. ನೀವು ಕೇಳಿದ 'ಎಷ್ಟು' ಇಲ್ಲಿಗೆ ಮುಗಿಯಿತು. ಅದನ್ನು ನೋಡಿ, ಮುಟ್ಟಬೇಡಿ. ಅದರಲ್ಲಿ ಬಿಗಿದಿಟ್ಟ ಬಲ ಇದೆ. ಕಳಚಿದರೆ ಮುಖಕ್ಕೆ ಹಾರುತ್ತದೆ. ಮರಳಿ ಕೂರಿಸಲು ಹೋಗಿ ಮುರಿದುಕೊಂಡವರನ್ನು ಬೇಕಾದಷ್ಟು ಕಂಡಿದ್ದೇನೆ. ಟ್ರಿಗರ್, ಹ್ಯಾಮರ್ ಬಿಚ್ಚುವ ಕೆಲಸ ಲೈಸೆನ್ಸ್ ಇರುವ ದುರಸ್ತಿಗಾರರದ್ದು.

ಕೊನೆಗೆ ಎಣ್ಣೆ. ಸಿಲಿಂಡರಿನ ಕಂಬಕ್ಕೆ ಒಂದು ಹನಿ, ನಳಿಗೆ ಬಾಗುವ ಕೀಲಿಗೆ ಒಂದು ಹನಿ, ಚಿಲಕಕ್ಕೆ ಅರ್ಧ ಹನಿ. ನಳಿಗೆಯೊಳಗೂ ಮೈಮೇಲೂ ಎಣ್ಣೆ ಚಿಂದಿಯ ಒಂದು ಕೈ. ಆರು ತೂತುಗಳನ್ನು ಮಾತ್ರ ಒಣ ಚಿಂದಿಯಿಂದ ಮತ್ತೆ ಒರೆಸಿ. ಅಲ್ಲಿ ಎಣ್ಣೆ ನಿಂತರೆ ಕಾಡತೂಸಿನ ಹಿಂದಿರುವ, ಕಿಡಿ ಹೊತ್ತಿಸುವ ಟೋಪಿಯೊಳಗೆ ಇಳಿದು ಅದು ಹಾರದಂತೆ ಮಾಡಬಹುದು. ಎಲ್ಲ ಆದ ಮೇಲೂ ಬಿಗಿ ಹೋಗದಿದ್ದರೆ, ಅಥವಾ ಹ್ಯಾಮರ್ ಎಳೆದು ನಿಲ್ಲಿಸಿದಾಗ ಸಿಲಿಂಡರ್ ಹುಳುಕು ಹಲ್ಲಿನಂತೆ ಅಲುಗಿದರೆ, ಅದು ತೊಳೆಯುವ ಕೆಲಸ ಅಲ್ಲ. ಹಾಗೇ ಒಯ್ದು ತೋರಿಸಿ, ಅದರಿಂದ ಹೊಡೆಯಬೇಡಿ.

ಪ್ರಶ್ನೆ: ಅಣ್ಣಾರೇ, ನಮ್ಮ ಯಜಮಾನರು ತೀರಿಕೊಂಡು ಐದು ತಿಂಗಳಾಯಿತು. ಅವರ ರಿವಾಲ್ವರ್ ಟ್ರಂಕಿನಲ್ಲಿದೆ. ಧೂಳು ಹಿಡಿದಿದೆ. ಮಗ ಅದನ್ನು ತೊಳೆದಿಡುತ್ತೇನೆ, ನೀನು ಪತ್ರಿಕೆಯವರನ್ನು ಕೇಳು ಅನ್ನುತ್ತಾನೆ.
— ವಿಜಯಪುರದ ಓದುಗರು

ಉತ್ತರ: ಅಕ್ಕಾರೇ, ಧೂಳು ಹಾಗೇ ಇರಲಿ. ಮಗನಿಗೆ ಮುಟ್ಟಬೇಡ ಅನ್ನಿ.

ಲೈಸೆನ್ಸ್ ಮನುಷ್ಯನ ಹೆಸರಿನದು, ಮನೆಯದ್ದಲ್ಲ. ಅವರು ಹೋದ ಮೇಲೆ ಆಯುಧವನ್ನು ತಡ ಮಾಡದೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಗೆ ಜಮಾ ಮಾಡಬೇಕು ಅಂತ 1959ರ ಆಯುಧ ಕಾಯ್ದೆಯ 21ನೇ ಕಲಮು ಹೇಳುತ್ತದೆ. ಐದು ತಿಂಗಳು ಆಗಿಹೋಗಿದೆ. ಇನ್ನೊಂದು ದಿನವೂ ಬೇಡ. ನೀವೇ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಬೇಡಿ. ಮೊದಲು ಠಾಣೆಗೆ ಹೋಗಿ ವಿಷಯ ತಿಳಿಸಿ, ಮರಣ ಪತ್ರ, ಲೈಸೆನ್ಸ್ ಪುಸ್ತಕ ತೋರಿಸಿ, ಹೇಗೆ ತರಬೇಕು ಅಂತ ಅವರನ್ನೇ ಕೇಳಿ. ಕಾಡತೂಸುಗಳೂ ಜಮಾ ಆಗಬೇಕು. ರಶೀದಿಯಲ್ಲಿ ರಿವಾಲ್ವರಿನ ನಂಬರ್ ಮತ್ತು ಕಾಡತೂಸಿನ ಲೆಕ್ಕ ಬರೆದಿದೆಯೇ ನೋಡಿಕೊಳ್ಳಿ.

ಮಗನಿಗೆ ಬೇಕಿದ್ದರೆ ವಾರಸುದಾರನಾಗಿ ಅವನು ಲೈಸೆನ್ಸಿಗೆ ಅರ್ಜಿ ಹಾಕಬಹುದು. 2016ರ ಆಯುಧ ನಿಯಮಗಳಲ್ಲಿ ಅದಕ್ಕೆ ಅವಕಾಶ ಇದೆ. ತೊಳೆಯುವ ಮಾತು ಲೈಸೆನ್ಸ್ ಕೈಗೆ ಬಂದ ಮೇಲೆ.

ಇದನ್ನು ಓದುತ್ತಿರುವ ಹಿರಿಯರಿಗೆ ಒಂದು ಮಾತು. ಅದೇ ನಿಯಮದಲ್ಲಿ, ನಿಮಗೆ 70 ವರ್ಷ ತುಂಬಿದ್ದರೆ ಅಥವಾ ಆಯುಧ 25 ವರ್ಷದಿಂದ ನಿಮ್ಮ ಬಳಿ ಇದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಮಾಡಿಸಲು ದಾರಿ ಇದೆ. ಹೊಲದ ಉತಾರ ಮಾಡಿಸುವಾಗ ಇದನ್ನೂ ನೆನಪಿಟ್ಟುಕೊಳ್ಳಿ. ಹೆಂಡತಿಯ ತಲೆ ಮೇಲೆ ಟ್ರಂಕು ಬಿಟ್ಟು ಹೋಗಬೇಡಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಪ್ರತಿ ವರ್ಷ ಖಂಡೆ ಪೂಜೆಗೆ ಕುಡಗೋಲು, ಕೊಡಲಿಯ ಜೊತೆ ರಿವಾಲ್ವರನ್ನೂ ಇಟ್ಟು ಕುಂಕುಮ ಹಚ್ಚುತ್ತೇವೆ. ಬೆಳ್ಳಿಯಂತೆ ಹೊಳೆಯುವ ರಿವಾಲ್ವರ್. ಈ ವರ್ಷ ಅದರ ಮೇಲೆ ಕಂದು ಚುಕ್ಕೆ ಎದ್ದಿವೆ. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಹೋಗುತ್ತದೆಯೇ?
— ಬಾಗಲಕೋಟೆಯ ಓದುಗರು

ಉತ್ತರ: ಹುಣಸೆಹಣ್ಣು ತಾಮ್ರದ ಕೊಡಕ್ಕೆ. ರಿವಾಲ್ವರಿಗೆ ಬೇಡ.

ಅದು ನಿಕ್ಕಲ್ ಲೇಪ. ಉಕ್ಕಿನ ಮೈಮೇಲೆ ತೆಳ್ಳಗಿನ ಅಂಗಿ ಇದ್ದ ಹಾಗೆ. ಅಂಗಿಯಲ್ಲಿ ಸೂಜಿಮೊನೆಯಷ್ಟು ತೂತಾದರೂ ನೀರು ಒಳಗೆ ಇಳಿದು ಉಕ್ಕು ತುಕ್ಕು ಹಿಡಿಯುತ್ತದೆ. ನೀವು ನೋಡುವ ಚುಕ್ಕೆ ಆ ತೂತಿನಿಂದ ಹೊರಬಂದ ತುಕ್ಕು. ಹುಳಿ ಹಚ್ಚಿದರೆ ತೂತು ದೊಡ್ಡದಾಗುತ್ತದೆ. ಅಮೋನಿಯಾ ಇರುವ ಹಿತ್ತಾಳೆ ಪಾಲಿಶ್, ತಾಮ್ರ ಕರಗಿಸುವ ನಳಿಗೆ ದ್ರಾವಣ ಇವೂ ಬೇಡ. ಹಳೆಯ ಲೇಪದ ಕೆಳಗೆ ತಾಮ್ರದ ಪದರ ಇದ್ದರೆ ಅದನ್ನು ತಿಂದು ಲೇಪ ಸಿಪ್ಪೆಯಂತೆ ಏಳುತ್ತದೆ. ಖಾಲಿ ಇದೆಯೇ ಅಂತ ನೋಡಿ, ತೆಳು ಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ. ಮರುದಿನ ಬನಿಯನ್ ಬಟ್ಟೆಯಿಂದ ಒರೆಸಿ. ನಾಲ್ಕು ದಿನ ಹೀಗೆ ಮಾಡಿ. ಕಂದು ಬಣ್ಣ ಇಳಿಯುತ್ತದೆ, ಸಣ್ಣ ಕಪ್ಪು ಚುಕ್ಕೆ ಉಳಿಯಬಹುದು. ಉಳಿಯಲಿ ಬಿಡಿ. ಅಪ್ಪನ ಮುಖದ ಮೇಲಿನ ಸಿಡುಬಿನ ಕಲೆ ತಿಕ್ಕಿ ತೆಗೆಯುತ್ತೀರಾ?

ಚುಕ್ಕೆ ಬಂದದ್ದು ಪೂಜೆಯಿಂದಲೇ ಅನ್ನಿಸುತ್ತದೆ. ಕುಂಕುಮವನ್ನು ನೀರಲ್ಲಿ ಕಲಸಿ ಹಚ್ಚುತ್ತೇವೆ. ಕಾಯಿ ಒಡೆದಾಗ ಎಳನೀರು ಸಿಡಿಯುತ್ತದೆ. ನಿಂಬೆಹಣ್ಣು ಕೊಯ್ದು ಇಡುತ್ತೇವೆ. ಒದ್ದೆ ಚೆಂಡು ಹೂ. ಬನ್ನಿ ಮುಡಿದು ಬರುವವರೆಗೂ ಅಂದರೆ ಮರುದಿನ ಸಂಜೆಯವರೆಗೆ ಹಾಗೇ ಬಿಡುತ್ತೇವೆ. ಕೊಡಲಿಗೆ ಇದು ನಡೆಯುತ್ತದೆ, ನಾಳೆ ಕಲ್ಲಿಗೆ ಮಸೆದರೆ ಹೊಸದಾಗುತ್ತದೆ. ರಿವಾಲ್ವರಿಗೆ ನಡೆಯುವುದಿಲ್ಲ. ಅದನ್ನು ಇಷ್ಟು ಹೊತ್ತು ಜಗುಲಿಯ ಮೇಲೆ ಬಿಡುವುದು ಇನ್ನೂ ದೊಡ್ಡ ತಪ್ಪು, ಹಬ್ಬದ ಮನೆಯಲ್ಲಿ ಊರ ಹುಡುಗರೆಲ್ಲ ಓಡಾಡುತ್ತಿರುತ್ತಾರೆ. ಖಾಲಿ ರಿವಾಲ್ವರನ್ನು ಪೆಟ್ಟಿಗೆಯಲ್ಲೇ ಇಟ್ಟು ಬೀಗ ಹಾಕಿ, ಪೆಟ್ಟಿಗೆಗೆ ಕುಂಕುಮ ಹಚ್ಚಿ. ನಾನು ಹಾಗೇ ಮಾಡುತ್ತಿದ್ದೆ. ದೇವಿ ಬೇಸರ ಮಾಡಿಕೊಂಡ ಹಾಗೆ ಕಾಣಲಿಲ್ಲ.

ಪ್ರಶ್ನೆ: 2024ರ ಲೋಕಸಭಾ ಚುನಾವಣೆಗೆ ರಿವಾಲ್ವರ್ ಜಮಾ ಮಾಡಿದ್ದೆವು. ಮರಳಿ ತಂದಾಗ ತುಕ್ಕು ಹತ್ತಿತ್ತು. ಅಂದಿನಿಂದ ಕೊಬ್ಬರಿ ಎಣ್ಣೆ ಹಚ್ಚಿ ಚರ್ಮದ ಕವಚದಲ್ಲಿಡುತ್ತಿದ್ದೇನೆ. ಈಗ ಚಳಿಗಾಲದಲ್ಲಿ ಹ್ಯಾಮರ್ ನಿಧಾನ ಬೀಳುತ್ತದೆ.
— ಖಾನಾಪುರದ ಓದುಗರು

ಉತ್ತರ: ಡಿಸೆಂಬರಿನಲ್ಲಿ ನಿಮ್ಮ ಬಚ್ಚಲಲ್ಲಿರುವ ಕೊಬ್ಬರಿ ಎಣ್ಣೆ ಬಾಟಲಿ ನೋಡಿ. ಗಟ್ಟಿಯಾಗಿ ಬೆಳ್ಳಗೆ ಕೂತಿರುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ನಿಮ್ಮ ರಿವಾಲ್ವರಿನ ಒಳಗೂ ಅದೇ ಆಗಿದೆ. ಸೇಂಗಾ ಎಣ್ಣೆ, ಅಗಸಿ ಎಣ್ಣೆ ಹಚ್ಚುವವರೂ ಇದ್ದಾರೆ. ಅವು ಗಟ್ಟಿಯಾಗುವ ಬದಲು ಅಂಟಾಗುತ್ತವೆ, ಅದು ಇನ್ನೂ ಕೆಟ್ಟದ್ದು. ಅಡುಗೆಮನೆಯ ಎಣ್ಣೆ ಅಡುಗೆಮನೆಯಲ್ಲೇ ಇರಲಿ. ಹೊರಗಿನದ್ದನ್ನು ಸೀಮೆಎಣ್ಣೆ ಚಿಂದಿಯಿಂದ ಒರೆಸಿ, ಒಣಗಿಸಿ, ತೆಳು ಯಂತ್ರದ ಎಣ್ಣೆ ಹಚ್ಚಿ. ಒಳಗೆ ಇಳಿದದ್ದನ್ನು ಮಾತ್ರ ದುರಸ್ತಿಗಾರರೇ ತೆಗೆಯಬೇಕು.

ಚರ್ಮದ ಕವಚ ನಿಮ್ಮ ಖಾನಾಪುರದ ಮಳೆಗೆ ಸ್ಪಂಜು. ತೇವ ಹೀರಿ ಹಿಡಿದುಕೊಳ್ಳುತ್ತದೆ. ಚರ್ಮ ಹದ ಮಾಡುವಾಗ ಹಾಕಿದ ರಸಾಯನವೂ ಉಕ್ಕಿಗೆ ಒಗ್ಗುವುದಿಲ್ಲ. ಕವಚದ ಪಟ್ಟಿಯಲ್ಲಿ ಕಾಡತೂಸು ಇಟ್ಟಿದ್ದರೆ ತೆಗೆದು ನೋಡಿ, ಹಿತ್ತಾಳೆ ಹಸಿರುಗಟ್ಟಿರುತ್ತದೆ. ಕವಚ ಸೊಂಟಕ್ಕೆ ಕಟ್ಟಲು. ಇಡುವುದಕ್ಕೆ ಎಣ್ಣೆ ಸವರಿದ ಹತ್ತಿ ಬಟ್ಟೆ, ಬೀಗವಿರುವ ಉಕ್ಕಿನ ಕಪಾಟು. ಹೊಸ ಬೂಟಿನ ಡಬ್ಬಿಯಲ್ಲಿ ಬರುವ ತೇವ ಹೀರುವ ಪುಡಿಯ ಪುಟ್ಟ ಚೀಲಗಳನ್ನು ಎಸೆಯದೆ ಪಕ್ಕದಲ್ಲಿಡಿ. ಮಿರಗ ಕೂಡುವ ಮೊದಲೊಮ್ಮೆ ಎಣ್ಣೆ ಕೈ ಆಡಿಸಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆಗೆದು ನೋಡಿ.

ಚುನಾವಣೆಯ ಜಮಾ ಬಗ್ಗೆ: ಆ ವರ್ಷ ನಮ್ಮಲ್ಲಿ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಅಷ್ಟೊತ್ತಿಗೆ ಮಳೆ ಬಾಗಿಲಲ್ಲಿತ್ತು. ನೂರಾರು ಆಯುಧದ ನಡುವೆ ನಿಮ್ಮದಕ್ಕೆ ಯಾರು ಎಣ್ಣೆ ಹಚ್ಚುತ್ತಾರೆ? ಮುಂದಿನ ಸಲ ಕೊಡುವ ಮುನ್ನ ನೀವೇ ತುಸು ದಪ್ಪಗೆ ಎಣ್ಣೆ ಹಚ್ಚಿ, ಕವಚ ಇಲ್ಲದೆ ಬಟ್ಟೆಯಲ್ಲಿ ಸುತ್ತಿ ಕೊಡಿ. ಮರಳಿ ತಂದ ದಿನವೇ ನಳಿಗೆಯ ಎಣ್ಣೆ ಒರೆಸಿ ತೆಗೆಯಿರಿ.

ಪ್ರಶ್ನೆ: ಅಜ್ಜನ ಕಾಲದ ಇಂಗ್ಲೆಂಡಿನ ಕಾಡತೂಸು ಹತ್ತು ಇವೆ. ತಮ್ಮನ ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಹಾರಿಸಿ ಮುಗಿಸೋಣ ಅಂತಿದ್ದೇವೆ. ಆಮೇಲೆ ನಳಿಗೆ ಹೇಗೆ ತೊಳೆಯಬೇಕು?
— ಅಥಣಿಯ ಓದುಗರು

ಉತ್ತರ: ಗಾಳಿಗೆ ಹೋದ ಗುಂಡು ಗಾಳಿಯಲ್ಲೇ ಉಳಿಯುವುದಿಲ್ಲ ತಮ್ಮಾ, ಯಾರದೋ ಮಾಳಿಗೆಯ ಮೇಲೆ ಇಳಿಯುತ್ತದೆ. 2019ರ ತಿದ್ದುಪಡಿಯ ನಂತರ ಇಂಥ ಸಂಭ್ರಮದ ಗುಂಡಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಬಾಜಾ ಭಜಂತ್ರಿ ಸಾಕು.

ತೊಳೆಯುವುದು ಕೇಳಿದ್ದೀರಿ, ಅದನ್ನು ಹೇಳುತ್ತೇನೆ, ಯಾಕಂದರೆ ನಿಮ್ಮಜ್ಜ ಈ ಕಾಡತೂಸು ಹಾರಿಸಿದ್ದರೆ ನಳಿಗೆ ಈಗಾಗಲೇ ಒಳಗೆ ಗುಳಿಬಿದ್ದಿರಬಹುದು. ಹಳೆಯ ಕಾಡತೂಸುಗಳ ಟೋಪಿಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ಉಳಿಯುವುದು ಒಂದು ಬಗೆಯ ಉಪ್ಪು. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ನೀರಾಗುತ್ತದಲ್ವಾ, ಹಾಗೆ ನಳಿಗೆಯೊಳಗಿನ ಉಪ್ಪೂ ತೇವ ಎಳೆದುಕೊಂಡು ಉಕ್ಕನ್ನು ತಿನ್ನುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಮೇಲೆ ಎಷ್ಟು ಎಣ್ಣೆ ಹಚ್ಚಿದರೂ ಅಡಿಯಲ್ಲಿ ಅದು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಅದಕ್ಕೆ ನೀರೇ ಬೇಕು. ಹಿಂದೆ .303 ರೈಫಲ್ಲಿನ ನಳಿಗೆಗೆ ಲಾಳಿಕೆ ಇಟ್ಟು ಕುದಿಯುವ ನೀರು ಹೊಯ್ಯುತ್ತಿದ್ದದ್ದು ಇದಕ್ಕೇ. ಉಪ್ಪು ಕರಗಿ ಹೋಗುತ್ತದೆ, ಕಾದ ಉಕ್ಕು ತಾನೇ ಒಣಗುತ್ತದೆ. ಆಮೇಲೆ ಚಿಂದಿ, ಆಮೇಲೆ ಎಣ್ಣೆ.

ಆ ಹತ್ತನ್ನು ಹಾರಿಸಬೇಡಿ, ಒಡೆಯಬೇಡಿ, ಹೊಲದಲ್ಲಿ ಹೂಳಬೇಡಿ. ಇಷ್ಟು ಹಳೆಯದರಲ್ಲಿ ಒಂದು ತಡವಾಗಿ ಹಾರಬಹುದು, ಒಂದರ ಗುಂಡು ಅರ್ಧ ದಾರಿಯಲ್ಲಿ ನಳಿಗೆಯಲ್ಲೇ ನಿಲ್ಲಬಹುದು. ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಉಬ್ಬುತ್ತದೆ ಅಥವಾ ಒಡೆಯುತ್ತದೆ. ನಿಮ್ಮ ಲೈಸೆನ್ಸಿನ ಲೆಕ್ಕದಲ್ಲಿ ಅವು ಇವೆಯೋ ಇಲ್ಲವೋ ಮೊದಲು ನೋಡಿ. ಇಲ್ಲದಿದ್ದರೆ ಮದುವೆಗೆ ಮುಂಚೆಯೇ ಠಾಣೆಗೆ ಹೋಗಿ ಹೇಳಿ, ಅವರು ಹೇಳಿದಂತೆ ಒಪ್ಪಿಸಿ ರಶೀದಿ ತನ್ನಿ.